ಗೊರಕೆಯ ಮದ್ದು ದವಡೆಯಲ್ಲಿತ್ತು

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆ ನಮ್ಮಲ್ಲಿದೆ. ಹಾಗೆ ಮಲಗಿದವನು ಗೊರಕೆಯನ್ನೂ ಹೊಡೆದರೆ ಅವನಷ್ಟು ಸುಖಿ ಬೇರೆ ಯಾರೂ ಇಲ್ಲವೆಂದು ನಾವು ತಿಳಿಯುತ್ತೇವೆ. ಮದುವೆ ಮನೆಯಲ್ಲಿ ಹತ್ತಾರು ನೆಂಟರು ಒಂದೇ ಹಜಾರದಲ್ಲಿ ಮಲಗಿದ ರಾತ್ರಿ ಯಾರ ಗೊರಕೆ ಎಷ್ಟು ಜೋರಾಗಿತ್ತು ಎಂಬುದು ಮರುದಿನ ಬೆಳಗಿನ ಚಹಾದ ಜೊತೆ ನಗೆಯ ವಿಷಯವಾಗುತ್ತದೆ. ಕುಂಭಕರ್ಣನ ಹೆಸರು ಹೇಳಿ ಛೇಡಿಸುವುದಂತೂ ಇದ್ದದ್ದೇ.

ಆದರೆ ಆ ಹಜಾರದಲ್ಲಿ ನಿದ್ದೆ ಬಾರದೆ ಹೊರಳಾಡಿದವರು ಇನ್ನೊಂದನ್ನೂ ಗಮನಿಸಿರುತ್ತಾರೆ. ಏರುತ್ತಾ ಹೋದ ಗೊರಕೆ ಥಟ್ಟನೆ ನಿಲ್ಲುತ್ತದೆ. ಎದೆ, ಹೊಟ್ಟೆ ಏದುತ್ತಿರುತ್ತವೆ, ಉಸಿರು ಮಾತ್ರ ಒಳಗೆ ಹೋಗುವುದಿಲ್ಲ. ಹತ್ತು, ಇಪ್ಪತ್ತು, ಕೆಲವೊಮ್ಮೆ ಮೂವತ್ತು ಸೆಕೆಂಡು ಕಳೆದ ಮೇಲೆ ಮಲಗಿದವರು ಒಮ್ಮೆ ಗಕ್ಕನೆ ಬಾಯಿ ತೆರೆದು ಗಾಳಿ ಎಳೆದುಕೊಳ್ಳುತ್ತಾರೆ. ಗೊರಕೆ ಮತ್ತೆ ಶುರುವಾಗುತ್ತದೆ. ಬೆಳಿಗ್ಗೆ ಕೇಳಿದರೆ ಅವರಿಗೆ ಯಾವುದೂ ನೆನಪಿರುವುದಿಲ್ಲ. ಇದಕ್ಕೆ ವೈದ್ಯರು ಸ್ಲೀಪ್ ಅಪ್ನಿಯಾ ಎನ್ನುತ್ತಾರೆ. ನಿದ್ದೆಯಲ್ಲಿ ಉಸಿರು ಕಟ್ಟುವ ರೋಗ ಎಂದರೆ ನಮಗೆ ಸುಲಭವಾಗಿ ಅರ್ಥವಾದೀತು. 2022ರ ಫೆಬ್ರವರಿಯಲ್ಲಿ ಸಂಗೀತ ನಿರ್ದೇಶಕ ಬಪ್ಪಿ ಲಾಹಿರಿ ಮುಂಬೈಯಲ್ಲಿ ನಿಧನರಾದಾಗ ವೈದ್ಯರು ಹೇಳಿದ ಕಾರಣಗಳಲ್ಲಿ ಈ ಹೆಸರೂ ಇತ್ತು. ನಮ್ಮ ದೇಶದ ಅನೇಕ ಮನೆಗಳು ಇದನ್ನು ಮೊದಲ ಬಾರಿಗೆ ಕೇಳಿದ್ದು ಆಗಲೇ.

ಗೊರಕೆಯ ತೊಂದರೆಗೆ ಹಲ್ಲಿನ ಡಾಕ್ಟರರ ಬಳಿ ಹೋಗಿ ಎಂದು ಯಾರಾದರೂ ಹೇಳಿದರೆ ನಾವು ನಕ್ಕುಬಿಡುತ್ತೇವೆ. ಹಲ್ಲಿಗೂ ಗೊರಕೆಗೂ ಎಲ್ಲಿಯ ಸಂಬಂಧ? ಸಂಬಂಧವಿದೆ. ಅದು ವೈದ್ಯಲೋಕಕ್ಕೆ ಬಹಳ ಹಿಂದೆಯೇ ಬಿಡಿ ಬಿಡಿಯಾಗಿ ಗೊತ್ತಿತ್ತು. ಗೊತ್ತಿದ್ದವರು ಒಬ್ಬರಿಗೊಬ್ಬರು ಮಾತನಾಡಲಿಲ್ಲ, ಅಷ್ಟೇ. ಅವರು ಒಂದೆಡೆ ಸೇರಲು ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

ನಗೆಯ ಹಿಂದಿನ ನೋವು

ರೋಗ ಹೊಸದಲ್ಲ. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿ ಕಪ್ಪು ಸಮುದ್ರದ ದಡದ ಹೆರಾಕ್ಲಿಯಾ ಎಂಬ ನಗರವನ್ನು ಡಯೋನೀಸಿಯಸ್ ಎಂಬಾತ ಆಳುತ್ತಿದ್ದ. ಆತನ ದೇಹ ಎಷ್ಟು ಬೆಳೆದಿತ್ತೆಂದರೆ ಉಸಿರಾಟವೇ ಕಷ್ಟವಾಗಿತ್ತು. ನಿದ್ದೆಗೆ ಜಾರಿದರೆ ಉದ್ದನೆಯ ತೆಳು ಸೂಜಿಗಳನ್ನು ಮೈಗೆ ಚುಚ್ಚಿ ಎಬ್ಬಿಸಬೇಕೆಂದು ವೈದ್ಯರು ಹೇಳಿದ್ದರಂತೆ. ಇದನ್ನು ಬರೆದಿಟ್ಟ ಪ್ರಾಚೀನ ಲೇಖಕರಿಗೆ ಅದು ಅತಿಯಾಗಿ ತಿಂದ ದೊರೆಯೊಬ್ಬನ ತಮಾಷೆಯ ಕಥೆಯಾಗಿತ್ತು.

1836-37ರಲ್ಲಿ ಇಂಗ್ಲಿಷ್ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ಬರೆದ 'ಪಿಕ್‌ವಿಕ್ ಪೇಪರ್ಸ್'ನಲ್ಲಿ ಜೋ ಎಂಬ ದಪ್ಪ ಹುಡುಗನೊಬ್ಬ ಬರುತ್ತಾನೆ. ನಿಂತಲ್ಲಿ ಕುಳಿತಲ್ಲಿ ತೂಕಡಿಸುವುದು, ಗೊರಕೆ ಹೊಡೆಯುವುದು ಅವನ ಸ್ವಭಾವ. ಓದುಗರು ನಕ್ಕರು. ನೂರಿಪ್ಪತ್ತು ವರ್ಷ ಕಳೆದ ಮೇಲೆ, 1956ರಲ್ಲಿ, ಅಮೆರಿಕದ ಬರ್ವೆಲ್ ಮತ್ತು ಸಂಗಡಿಗ ವೈದ್ಯರು ಒಬ್ಬ ರೋಗಿಯ ವಿವರವನ್ನು ಪ್ರಕಟಿಸಿದರು. ವ್ಯಾಪಾರಸ್ಥನಾಗಿದ್ದ ಆತ ಆಸ್ಪತ್ರೆಗೆ ಬಂದದ್ದು ಇಸ್ಪೀಟು ಆಟದ ನಡುವೆ, ಗೆಲ್ಲುವ ಎಲೆಗಳು ಕೈಯಲ್ಲಿರುವಾಗಲೇ, ನಿದ್ದೆ ಹೋದ ಕಾರಣಕ್ಕೆ. ವೈದ್ಯರು ಡಿಕನ್ಸನ ಹುಡುಗನನ್ನು ನೆನೆದು ಕಾಯಿಲೆಗೆ ಪಿಕ್‌ವಿಕ್ ಹೆಸರನ್ನೇ ಇಟ್ಟರು.

ಅವರು ನೋಡಿದ್ದು ಸರಿಯೇ. ಅತಿಯಾದ ಬೊಜ್ಜು, ಮಂದವಾದ ಉಸಿರಾಟ, ರಕ್ತದಲ್ಲಿ ಹೆಚ್ಚಿದ ಇಂಗಾಲದ ಡೈಆಕ್ಸೈಡ್. ಆದರೆ ಅವರು ಪರೀಕ್ಷಿಸಿದ್ದು ಎಚ್ಚರವಿದ್ದ ಮನುಷ್ಯನನ್ನು. ರಾತ್ರಿ ಅವನ ಗಂಟಲಲ್ಲಿ ಏನಾಗುತ್ತಿದೆ ಎಂದು ಯಾರೂ ನೋಡಿರಲಿಲ್ಲ.

ಬಾಯಿ ಬೇರೆ, ದೇಹ ಬೇರೆ

ಈಗ ನಾವು ಸ್ವಲ್ಪ ಹಿಂದಕ್ಕೆ ಹೋಗಬೇಕು. 1840ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಜಗತ್ತಿನ ಮೊದಲ ದಂತವೈದ್ಯಕೀಯ ಕಾಲೇಜು ಆರಂಭವಾಯಿತು. ಅದು ಹುಟ್ಟಿದ್ದು ವೈದ್ಯಕೀಯ ಕಾಲೇಜಿನ ಒಳಗಲ್ಲ, ಅದರಿಂದ ಹೊರಗೆ, ಸ್ವತಂತ್ರವಾಗಿ. ಅಲ್ಲಿಂದ ಮುಂದೆ ಹಲ್ಲಿಗೊಂದು ಪದವಿ, ಉಳಿದ ದೇಹಕ್ಕೆ ಇನ್ನೊಂದು ಪದವಿ ಎಂಬ ಪದ್ಧತಿ ಬಹುತೇಕ ಜಗತ್ತಿಗೆ ಹಬ್ಬಿತು. ನಮ್ಮ ದೇಶದಲ್ಲೂ ಇಂದಿಗೂ ಇರುವುದು ಅದೇ ವ್ಯವಸ್ಥೆ. ಹಲ್ಲಿನ ವೈದ್ಯರಿಗೆ ಇದರಿಂದ ಗೌರವ, ಶಿಸ್ತು, ಶಾಸ್ತ್ರ ಎಲ್ಲವೂ ದಕ್ಕಿದವು. ಆದರೆ ಬಾಯಿ ದೇಹದಿಂದ ಬೇರೆಯಾಯಿತು.

ವಿಚಿತ್ರವೆಂದರೆ ಅರಿವಳಿಕೆಯನ್ನು ಜಗತ್ತಿಗೆ ಪರಿಚಯಿಸಿದವರೇ ಹಲ್ಲಿನ ವೈದ್ಯರು. 1846ರ ಅಕ್ಟೋಬರ್ 16ರಂದು ಬಾಸ್ಟನ್ನಿನ ಆಸ್ಪತ್ರೆಯೊಂದರಲ್ಲಿ ವಿಲಿಯಂ ಮಾರ್ಟನ್ ಎಂಬ ದಂತವೈದ್ಯರು ಈಥರ್ ಕೊಟ್ಟು ರೋಗಿಯ ಪ್ರಜ್ಞೆ ತಪ್ಪಿಸಿದರು. ಶಸ್ತ್ರವೈದ್ಯರು ನೋವಿಲ್ಲದೆ ಗಡ್ಡೆ ತೆಗೆದರು. ಮರುವರ್ಷ ಕ್ಲೋರೋಫಾರ್ಮ್ ಬಂತು. ಜೊತೆಗೆ ಹೊಸ ಅಪಾಯವೂ ಬಂತು. ಪ್ರಜ್ಞೆ ತಪ್ಪಿದ ಮನುಷ್ಯನ ನಾಲಿಗೆ ಸಡಿಲಗೊಂಡು ಹಿಂದಕ್ಕೆ ಜಾರಿ ಉಸಿರಿನ ದಾರಿಯನ್ನು ಮುಚ್ಚುತ್ತಿತ್ತು. ಇಕ್ಕಳದಿಂದ ನಾಲಿಗೆಯನ್ನು ಹಿಡಿದೆಳೆಯುವುದು ಆಗಿನ ಉಪಾಯವಾಗಿತ್ತು. 1874ರಲ್ಲಿ ನಾರ್ವೆಯ ಜೇಕಬ್ ಹೈಬರ್ಗ್, ಅನಂತರ ಜರ್ಮನಿಯ ಸೇನಾ ಶಸ್ತ್ರವೈದ್ಯ ಫ್ರೆಡ್ರಿಕ್ ಎಸ್ಮಾರ್ಕ್ ಇನ್ನೂ ಸುಲಭದ ದಾರಿ ತೋರಿಸಿದರು. ಕಿವಿಯ ಕೆಳಗೆ, ದವಡೆಯ ಮೂಲೆಗೆ ಬೆರಳು ಕೊಟ್ಟು ಕೆಳದವಡೆಯನ್ನು ಮುಂದಕ್ಕೆ ತಳ್ಳಿದರೆ ಸಾಕು, ಉಸಿರು ತಾನಾಗಿ ಹರಿಯುತ್ತದೆ.

ಇದರ ಗುಟ್ಟು ಸರಳ. ನಾಲಿಗೆಯ ದೊಡ್ಡ ಸ್ನಾಯು ಕೆಳದವಡೆಯ ಒಳಭಾಗಕ್ಕೆ, ಗಲ್ಲದ ಹಿಂಬದಿಗೆ, ಅಂಟಿಕೊಂಡಿದೆ. ದವಡೆ ಮುಂದೆ ಬಂದರೆ ನಾಲಿಗೆಯೂ ಹಿಂಬಾಲಿಸುತ್ತದೆ. ಗಂಟಲ ಗೋಡೆಗಳೂ ಬಿಗಿಯಾಗುತ್ತವೆ. ಇಂದಿಗೂ ಆಪರೇಷನ್ ಥಿಯೇಟರಿನಲ್ಲಿ ಅರಿವಳಿಕೆ ತಜ್ಞರು ಪ್ರತಿದಿನ ಮಾಡುವುದು ಇದನ್ನೇ. ಆದರೆ ಅರಿವಳಿಕೆಯಲ್ಲಿ ಆಗುವುದು ನಿದ್ದೆಯಲ್ಲೂ ಆಗಬಹುದಲ್ಲವೇ ಎಂಬ ಪ್ರಶ್ನೆ ಆಗ ವೈದ್ಯಲೋಕವನ್ನು ಕಾಡಲಿಲ್ಲ.

ಪ್ಯಾರಿಸ್ಸಿನ ಒಬ್ಬಂಟಿ

ಆ ಪ್ರಶ್ನೆಯ ಹತ್ತಿರಕ್ಕೆ ಬಂದವರು ಪ್ಯಾರಿಸ್ಸಿನ ಪಿಯರ್ ರೊಬಾಂ. 1867ರಲ್ಲಿ ಹುಟ್ಟಿದ ಅವರು ಬಾಯಿ ಮತ್ತು ಹಲ್ಲಿನ ರೋಗಗಳ ವೈದ್ಯರು. ಮೇಲಿನ, ಕೆಳಗಿನ ಹಲ್ಲುಸಾಲುಗಳೆರಡನ್ನೂ ಹಿಡಿದು ದವಡೆಯನ್ನು ಸರಿದಾರಿಗೆ ತರುವ 'ಮೊನೊಬ್ಲಾಕ್' ಎಂಬ ಸಾಧನವನ್ನು ಅವರು 1902ರಲ್ಲಿ ಪರಿಚಯಿಸಿದರು. 1923ರಲ್ಲಿ ಮತ್ತೊಂದು ಮುಖ್ಯ ಸಂಗತಿಯನ್ನು ಬರೆದರು. ಗಲ್ಲ ಚಿಕ್ಕದಾಗಿ ಹುಟ್ಟಿದ ಮಕ್ಕಳಲ್ಲಿ ನಾಲಿಗೆಯ ಬುಡ ಹಿಂದಕ್ಕೆ ಬಿದ್ದು ಉಸಿರಾಟಕ್ಕೆ ಅಡ್ಡಿಯಾಗುತ್ತದೆ ಎಂಬುದೇ ಅದು. ಅಂಥ ಹಸುಗೂಸುಗಳನ್ನು ಅಂಗಾತ ಮಲಗಿಸದೆ ನೇರವಾಗಿ ಹಿಡಿದು ಹಾಲು ಕುಡಿಸಬೇಕೆಂದು ಅವರು ತಾಯಂದಿರಿಗೆ ಹೇಳುತ್ತಿದ್ದರು. ಆ ಮಕ್ಕಳ ಸ್ಥಿತಿಗೆ ಇಂದಿಗೂ ಅವರದೇ ಹೆಸರಿದೆ.

ಉಸಿರು, ನಾಲಿಗೆ, ದವಡೆ ಮೂರನ್ನೂ ಒಂದೇ ದಾರದಲ್ಲಿ ಪೋಣಿಸಿದ ರೊಬಾಂ 1950ರ ಹೊತ್ತಿಗೆ ತೀರಿಕೊಂಡರು. ಮಕ್ಕಳ ವೈದ್ಯರು ಅವರ ಹೆಸರನ್ನು ಉಳಿಸಿಕೊಂಡರು. ಹಲ್ಲು ಸರಿಪಡಿಸುವವರು ಅವರ ಸಾಧನವನ್ನು ಉಳಿಸಿಕೊಂಡರು. ಆದರೆ ದಾರ ಕಡಿದುಹೋಯಿತು. ಗೊರಕೆ ಹೊಡೆಯುವ ದೊಡ್ಡವರಿಗೂ ಈ ಸಾಧನ ಬೇಕಾದೀತು ಎಂಬ ಯೋಚನೆ ಮುನ್ನೆಲೆಗೆ ಬರಲಿಲ್ಲ.

ರಾತ್ರಿಯ ಕತೆ ಬಯಲಾಯಿತು

1965ರಲ್ಲಿ ಎರಡು ಕಡೆ ಒಂದೇ ಸಂಗತಿ ಕಣ್ಣಿಗೆ ಬಿತ್ತು. ಫ್ರಾನ್ಸಿನಲ್ಲಿ ಗಾಸ್ಟೋ ಮತ್ತು ಸಂಗಡಿಗರು, ಜರ್ಮನಿಯಲ್ಲಿ ಯೂಂಗ್ ಮತ್ತು ಕೂಲೊ ಪಿಕ್‌ವಿಕ್ ರೋಗಿಗಳನ್ನು ರಾತ್ರಿಯಿಡೀ ಯಂತ್ರಗಳಿಗೆ ಜೋಡಿಸಿ ಮಲಗಿಸಿದರು. ಮಿದುಳಿನ ಅಲೆ, ಉಸಿರಾಟ ಎಲ್ಲವೂ ಕಾಗದದ ಮೇಲೆ ದಾಖಲಾದವು. ಹಗಲಿನ ತೂಕಡಿಕೆಗೆ ಕಾರಣ ಸೋಮಾರಿತನವಲ್ಲ, ಇರುಳಿಡೀ ಉಸಿರು ಕಟ್ಟಿ ನಿದ್ದೆ ಚೂರುಚೂರಾಗುವುದು ಎಂದು ತಿಳಿಯಿತು. ನಗುತ್ತಿದ್ದ ಜಗತ್ತಿಗೆ ಸಿಕ್ಕ ಉತ್ತರ ಇದು.

ರೋಗ ತಿಳಿಯಿತು, ಮದ್ದು? 1969ರಲ್ಲಿ ಕೂಲೊ ಮತ್ತು ಸಂಗಡಿಗರು ಕುತ್ತಿಗೆಯ ಮುಂಭಾಗದಲ್ಲಿ ಶ್ವಾಸನಾಳಕ್ಕೆ ರಂಧ್ರ ಮಾಡಿ ಕೊಳವೆ ಇಟ್ಟರೆ ರೋಗಿ ಚೇತರಿಸಿಕೊಳ್ಳುತ್ತಾನೆ ಎಂದು ತೋರಿಸಿದರು. ಮುಚ್ಚಿಕೊಳ್ಳುವ ಗಂಟಲನ್ನು ತಪ್ಪಿಸಿ ಉಸಿರಿಗೆ ಬೇರೆ ಬಾಗಿಲು ತೆರೆಯುವ ದಾರಿ ಅದು. ಪ್ರಾಣ ಉಳಿಯುತ್ತಿತ್ತು, ಆದರೆ ಕುತ್ತಿಗೆಯಲ್ಲಿ ತೂತು ಇಟ್ಟುಕೊಂಡು ಎಷ್ಟು ಜನ ಬದುಕಿಯಾರು? 1976ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಗಿಲ್ಮಿನೊ, ಟಿಲ್ಕಿಯನ್ ಮತ್ತು ಡೆಮೆಂಟ್ ಈ ರೋಗಕ್ಕೆ ಸ್ಲೀಪ್ ಅಪ್ನಿಯಾ ಎಂಬ ಹೆಸರನ್ನು ಗಟ್ಟಿಗೊಳಿಸಿದರು. ದಪ್ಪಗಿಲ್ಲದವರಿಗೂ ಇದು ಬರುತ್ತದೆಂಬುದು ಸ್ಪಷ್ಟವಾಯಿತು.

1981ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಿಂದ ದೊಡ್ಡ ಸುದ್ದಿ ಬಂತು. ಕಾಲಿನ್ ಸಲಿವನ್ ಮತ್ತು ಜೊತೆಗಾರರು ಮೂಗಿಗೆ ಮುಖವಾಡ ಕಟ್ಟಿ, ಮೋಟಾರಿನಿಂದ ಸತತವಾಗಿ ಗಾಳಿ ಒತ್ತಿ, ಕುಸಿಯುವ ಗಂಟಲನ್ನು ತೆರೆದಿಟ್ಟರು. ಐವರು ರೋಗಿಗಳ ಮೇಲೆ ನಡೆದ ಈ ಪ್ರಯೋಗ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಇಂದು ಸಿಪ್ಯಾಪ್ ಎಂದು ಕರೆಯುವ ಯಂತ್ರ ಹುಟ್ಟಿದ್ದು ಹೀಗೆ. ತೀವ್ರವಾದ ಕಾಯಿಲೆಗೆ ಇಂದಿಗೂ ಮೊದಲ ಮದ್ದು ಇದೇ.

ಆದರೆ ಪ್ರತಿರಾತ್ರಿ ಮುಖಕ್ಕೆ ಮುಖವಾಡ, ಅದಕ್ಕೊಂದು ಕೊಳವೆ, ಪಕ್ಕದಲ್ಲೊಂದು ಯಂತ್ರ. ಎಲ್ಲರಿಗೂ ಅದು ಒಗ್ಗುವುದಿಲ್ಲ. 2016ರಲ್ಲಿ ಪ್ರಕಟವಾದ, 2,717 ಮಂದಿ ಪಾಲ್ಗೊಂಡ ಅಂತಾರಾಷ್ಟ್ರೀಯ ಅಧ್ಯಯನವೊಂದರಲ್ಲಿ ಯಂತ್ರ ಪಡೆದವರು ಅದನ್ನು ಬಳಸಿದ್ದು ರಾತ್ರಿಗೆ ಸರಾಸರಿ 3.3 ಗಂಟೆ ಮಾತ್ರ. ಉಳಿದ ಹೊತ್ತು ಗಂಟಲು ಹಳೆಯ ಚಾಳಿಗೇ ಮರಳುತ್ತದೆ. ಮದ್ದು ಎಷ್ಟು ಒಳ್ಳೆಯದಾದರೇನು, ಕಪಾಟಿನಲ್ಲಿದ್ದರೆ ಫಲವಿಲ್ಲ.

ಭಾರ ಎತ್ತುವವರ ಬಾಯಿಯ ಸಾಧನ

ಕಡಿದ ದಾರ ಮತ್ತೆ ಕೂಡಿಕೊಂಡದ್ದು ಅದೇ ವರ್ಷಗಳಲ್ಲಿ. 1982ರಲ್ಲಿ ಶಿಕಾಗೋದ ಮನಶ್ಶಾಸ್ತ್ರಜ್ಞೆ ರೊಸಲಿಂಡ್ ಕಾರ್ಟ್‌ರೈಟ್ ಮತ್ತು ಮನೋವೈದ್ಯ ಚಾರ್ಲ್ಸ್ ಸ್ಯಾಮೆಲ್ಸನ್ ನಾಲಿಗೆಯನ್ನು ಮೆತ್ತನೆಯ ಗೂಡಿನಲ್ಲಿ ಮುಂದಕ್ಕೆ ಹಿಡಿದಿಡುವ ಸಾಧನದ ಫಲಿತಾಂಶವನ್ನು ಪ್ರಕಟಿಸಿದರು. 1984ರಲ್ಲಿ ಜರ್ಮನಿಯ ಮಾಯರ್-ಎವರ್ಟ್ ಮತ್ತು ಸಂಗಡಿಗರು ರಾತ್ರಿ ಬಾಯಲ್ಲಿಟ್ಟು ಮಲಗಿದರೆ ಕೆಳದವಡೆಯನ್ನು ಮುಂದೆ ಹಿಡಿಯುವ ಸಾಧನವೊಂದನ್ನು ತಂದರು. ಅದಕ್ಕೆ ಬಂದ ಹೆಸರು ಎಸ್ಮಾರ್ಕ್ ಸಾಧನ! ನೂರು ವರ್ಷದ ಹಿಂದೆ ಸೇನಾ ವೈದ್ಯನ ಬೆರಳುಗಳು ಮಾಡುತ್ತಿದ್ದ ಕೆಲಸವನ್ನು ಈಗ ಹಲ್ಲಿನ ಮೇಲೆ ಕೂರುವ ಎರಡು ಅಚ್ಚುಗಳು ಮಾಡಿದವು.

1985ರಲ್ಲಿ ಅಮೆರಿಕದ ಪ್ರಸಿದ್ಧ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಇಂಥದೇ ಸಾಧನದ ಬಗ್ಗೆ ಪತ್ರವೊಂದು ಅಚ್ಚಾಯಿತು. ಅದನ್ನು ಬರೆದ ಇಬ್ಬರಲ್ಲಿ ಒಬ್ಬರು ಹವಾಯಿಯ ಹೊನೊಲುಲುವಿನ ದಂತವೈದ್ಯ ಪೀಟರ್ ಜಾರ್ಜ್. ಈ ಹೆಸರನ್ನು ಕ್ರೀಡಾಲೋಕ ಬೇರೆ ಕಾರಣಕ್ಕೆ ಬಲ್ಲದು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನ ಭಾರ ಎತ್ತುವ ಸ್ಪರ್ಧೆಯಲ್ಲಿ ಚಿನ್ನ ಗೆದ್ದವರು ಅವರೇ. 1948 ಮತ್ತು 1956ರಲ್ಲಿ ಬೆಳ್ಳಿಯೂ ಅವರಿಗೆ ಸಂದಿತ್ತು. ನೂರಾರು ಪೌಂಡು ಭಾರವನ್ನು ತಲೆಯ ಮೇಲೆತ್ತಿದ ಕೈಗಳು ಕೊನೆಗೆ ಕೆಲವೇ ಮಿಲಿಮೀಟರ್ ದವಡೆ ಸರಿಸಿ ಮನುಷ್ಯನ ಉಸಿರನ್ನು ಹಗುರಗೊಳಿಸಿದವು.

ಇದೇ 1985ರಲ್ಲಿ ಆಂಧ್ರ ಮೂಲದ, ಬಾಸ್ಟನ್ನಿನ ಅರಿವಳಿಕೆ ತಜ್ಞ ಶೇಷಗಿರಿ ಮಲ್ಲಂಪಾಟಿ ಮತ್ತು ಸಂಗಡಿಗರು ಇನ್ನೊಂದು ಕೀಲಿಕೈ ಕೊಟ್ಟರು. ಬಾಯಿ ತೆರೆದು ನಾಲಿಗೆ ಚಾಚಿದಾಗ ಕಿರುನಾಲಿಗೆ, ಅಂಗುಳ ಎಷ್ಟು ಕಾಣುತ್ತವೆ ಎಂಬುದರಿಂದ ಉಸಿರಿನ ದಾರಿ ಎಷ್ಟು ಇಕ್ಕಟ್ಟಾಗಿದೆ ಎಂದು ಅಂದಾಜಿಸುವ ಕ್ರಮ ಅದು. ಅರಿವಳಿಕೆಗಾಗಿ ಹುಟ್ಟಿದ ಈ ಅಳತೆಯನ್ನು ಇಂದು ನಿದ್ರಾ ತಜ್ಞರೂ ದಂತವೈದ್ಯರೂ ಬಳಸುತ್ತಾರೆ.

ತೂಗಿ ನೋಡಿದ ಮೇಲೆ

ಹೊಸ ಸಾಧನವನ್ನು ವೈದ್ಯಲೋಕ ಕೂಡಲೇ ಒಪ್ಪಲಿಲ್ಲ. ಒಪ್ಪದಿದ್ದುದು ಒಳ್ಳೆಯದೇ ಆಯಿತು. ಗೊರಕೆ ನಿಲ್ಲಿಸುತ್ತೇವೆಂದು ಗಲ್ಲದ ಪಟ್ಟಿ, ವಿಚಿತ್ರ ಕವಚಗಳನ್ನು ಮಾರಿದವರು ಹಿಂದೆಯೂ ಇದ್ದರು, ಈಗಲೂ ಇದ್ದಾರೆ. 1991ರಲ್ಲಿ ಅಮೆರಿಕದ ದಂತವೈದ್ಯರು ಈ ವಿಷಯಕ್ಕಾಗಿಯೇ ಒಂದು ಸಂಘ ಕಟ್ಟಿದರು. 1995ರಲ್ಲಿ ಅಲ್ಲಿನ ನಿದ್ರಾ ತಜ್ಞರ ಸಂಘ ಗೊರಕೆಗೆ ಮತ್ತು ಸೌಮ್ಯ ಅಪ್ನಿಯಾಕ್ಕೆ ಈ ಸಾಧನಗಳನ್ನು ಒಪ್ಪಿತು. 2006ರಲ್ಲಿ ಮಧ್ಯಮ ಪ್ರಮಾಣದ ಕಾಯಿಲೆಗೂ ಒಪ್ಪಿಗೆ ವಿಸ್ತರಿಸಿತು. 2015ರಲ್ಲಿ ನಿದ್ರಾ ತಜ್ಞರ ಮತ್ತು ದಂತವೈದ್ಯರ ಸಂಘಗಳು ಒಟ್ಟಿಗೆ ಕುಳಿತು ಮಾರ್ಗಸೂಚಿ ಹೊರಡಿಸಿದವು. ಸಿಪ್ಯಾಪ್ ಒಗ್ಗದವರಿಗೆ, ಅಥವಾ ಬೇರೆ ದಾರಿ ಬೇಕೆನ್ನುವವರಿಗೆ, ಚಿಕಿತ್ಸೆಯೇ ಇಲ್ಲದೆ ಬಿಡುವುದಕ್ಕಿಂತ ಬಾಯಿಯ ಸಾಧನ ಕೊಡುವುದು ಲೇಸು ಎಂಬುದು ಅದರ ಸಾರ. 1840ರಲ್ಲಿ ಬೇರೆಯಾದವರು ಒಂದೇ ಕಾಗದಕ್ಕೆ ಸಹಿ ಹಾಕಿದ್ದನ್ನು ನಾವು ಸಣ್ಣ ಸಂಗತಿಯೆಂದು ತಿಳಿಯಬೇಕಿಲ್ಲ. ನಮ್ಮ ದೇಶದ ತಜ್ಞರು 2014ರಲ್ಲಿ ರೂಪಿಸಿದ ಮಾರ್ಗಸೂಚಿಯಲ್ಲೂ ಬಾಯಿಯ ಸಾಧನಕ್ಕೆ ಸ್ಥಾನವಿದೆ.

ಯಾವುದು ಮೇಲು ಎಂಬ ಪ್ರಶ್ನೆಗೆ 2013ರ ಸಿಡ್ನಿ ಅಧ್ಯಯನವೊಂದು ಪಾಠ ಹೇಳಿತು. 126 ರೋಗಿಗಳಿಗೆ ಎರಡನ್ನೂ ಒಂದೊಂದು ತಿಂಗಳು ಬಳಸಲು ಗೊತ್ತುಮಾಡಲಾಯಿತು. ಉಸಿರುಕಟ್ಟು ತಡೆಯುವುದರಲ್ಲಿ ಯಂತ್ರವೇ ಗೆದ್ದಿತು. ಆದರೆ ಜನ ರಾತ್ರಿಯಲ್ಲಿ ಹೆಚ್ಚು ಹೊತ್ತು ಬಳಸಿದ್ದು ಬಾಯಿಯ ಸಾಧನವನ್ನು. ಹೀಗಾಗಿ ಒಂದು ತಿಂಗಳ ಕೊನೆಯಲ್ಲಿ ಆರೋಗ್ಯದ ಫಲ ಹೆಚ್ಚುಕಡಿಮೆ ಸಮವಾಗಿತ್ತು. 2024ರಲ್ಲಿ ಸಿಂಗಪುರದ ವೈದ್ಯರು ರಕ್ತದೊತ್ತಡವಿರುವ 220 ಮಂದಿಯ ಮೇಲೆ ನಡೆಸಿದ ಅಧ್ಯಯನದಲ್ಲೂ ರಕ್ತದೊತ್ತಡ ಇಳಿಸುವುದರಲ್ಲಿ ಬಾಯಿಯ ಸಾಧನ ಯಂತ್ರಕ್ಕಿಂತ ಹಿಂದೆ ಬೀಳಲಿಲ್ಲ.

ನಮ್ಮ ಮನೆಯ ಮಾತು

ಇದು ದೂರದ ದೇಶಗಳ ಕಥೆಯಾಗಿ ಉಳಿದಿಲ್ಲ. 2004ರಲ್ಲಿ ಪ್ರಕಟವಾದ ಮುಂಬೈಯ ಅಧ್ಯಯನವೊಂದು 35ರಿಂದ 65 ವರ್ಷದ ನಗರವಾಸಿ ಗಂಡಸರಲ್ಲಿ ಶೇ. 19.5 ಮಂದಿಗೆ ನಿದ್ದೆಯಲ್ಲಿ ಉಸಿರಾಟದ ತೊಂದರೆ ಇದೆಯೆಂದು ಅಂದಾಜಿಸಿತು. ಹಗಲಿನ ತೂಕಡಿಕೆಯೂ ಸೇರಿದವರು ಶೇ. 7.5. ಇದು ಗಂಡಸರ ರೋಗ ಮಾತ್ರವಲ್ಲ. 1993ರಲ್ಲಿ ಪ್ರಕಟವಾದ, ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ನಡೆದ ಅಧ್ಯಯನದಲ್ಲಿ ಶೇ. 24 ಗಂಡಸರ ಜೊತೆ ಶೇ. 9 ಹೆಂಗಸರಲ್ಲೂ ಅದು ಕಂಡಿತ್ತು. ಹೆಂಗಸರು ಗೊರಕೆ ಹೊಡೆಯುತ್ತಾರೆಂದು ಹೇಳಿಕೊಳ್ಳುವುದೇ ನಾಚಿಕೆಯೆಂದು ತಿಳಿಯುವ ನಮ್ಮಲ್ಲಿ ಆ ಕಾಯಿಲೆ ಮತ್ತಷ್ಟು ಮುಚ್ಚಿಹೋಗುತ್ತದೆ.

ಮುಚ್ಚಿಟ್ಟರೆ ಬೆಲೆ ತೆರಬೇಕಾದೀತು. ರಾತ್ರಿಯಲ್ಲಿ ಹತ್ತಾರು, ನೂರಾರು ಬಾರಿ ಉಸಿರು ಕಟ್ಟಿದರೆ ರಕ್ತದೊತ್ತಡ ಏರುತ್ತದೆ, ಹೃದಯಕ್ಕೆ ದಣಿವಾಗುತ್ತದೆ, ಹಗಲಲ್ಲಿ ಕಣ್ಣೆಳೆಯುತ್ತದೆ. ಹಾಗೆ ಕಣ್ಣೆಳೆಯುವವರು ಬಸ್ಸು, ಲಾರಿಯ ಸ್ಟೇರಿಂಗ್ ಹಿಡಿದಿದ್ದರೆ ಅಪಾಯ ಒಬ್ಬರಿಗೆ ಮಾತ್ರವಲ್ಲ.

ಹಲ್ಲಿನ ವೈದ್ಯರು ಇಲ್ಲಿ ಮಾಡಬಹುದಾದ ಮೊದಲ ಕೆಲಸ ನೋಡುವುದು. ದೊಡ್ಡಾಸ್ಪತ್ರೆಗೆ ಹೋಗದವರೂ ಹಲ್ಲುನೋವಿಗೆ ಅವರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗುತ್ತಾರೆ. ಹಿಂದೆ ಸರಿದ ಗಲ್ಲ, ಇಕ್ಕಟ್ಟಾದ ಅಂಗುಳ, ಊದಿದ ಟಾನ್ಸಿಲ್, ಅಂಚಿನಲ್ಲಿ ಹಲ್ಲಿನ ಗುರುತು ಬಿದ್ದ ನಾಲಿಗೆ, ರಾತ್ರಿ ಕಡಿದು ಸವೆದ ಹಲ್ಲುಗಳು ಅವರ ಕಣ್ಣಿಗೆ ಬೀಳುತ್ತವೆ. ಎರಡನೆಯದು ಕೇಳುವುದು. ಗೊರಕೆ ಇದೆಯೇ, ಹಗಲಲ್ಲಿ ತೂಕಡಿಕೆ ಬರುತ್ತದೆಯೇ, ಉಸಿರು ನಿಂತದ್ದನ್ನು ಮನೆಯವರು ನೋಡಿದ್ದಾರೆಯೇ ಎಂಬ ಮೂರು ಪ್ರಶ್ನೆಗಳಿಗೆ ಎರಡು ನಿಮಿಷವೂ ಬೇಡ. ಮೂರನೆಯದು ಕಳುಹಿಸುವುದು. ರೋಗವಿದೆಯೆಂದು ನಿರ್ಧರಿಸಲು ನಿದ್ರಾ ಪರೀಕ್ಷೆ ಬೇಕು, ಅದನ್ನು ಓದುವ ವೈದ್ಯರು ಬೇಕು. ಗಂಟೆಗೆ ಐದಕ್ಕಿಂತ ಕಡಿಮೆ ಬಾರಿ ಉಸಿರಿಗೆ ತಡೆಯಾದರೆ ದೊಡ್ಡವರಲ್ಲಿ ಸಹಜ, ಹದಿನೈದರವರೆಗೆ ಸೌಮ್ಯ, ಮೂವತ್ತರವರೆಗೆ ಮಧ್ಯಮ, ಅದರಾಚೆ ತೀವ್ರ ಎಂದು ಲೆಕ್ಕ.

ಸಾಧನ ಮಾಡಿಕೊಡುವುದು ನಾಲ್ಕನೆಯ ಕೆಲಸ. ಹಲ್ಲಿನ ಅಚ್ಚು ತೆಗೆದು, ಮೇಲೊಂದು ಕೆಳಗೊಂದು ತಟ್ಟೆ ಮಾಡಿ, ವಾರ ವಾರವೂ ಸ್ವಲ್ಪ ಸ್ವಲ್ಪವಾಗಿ ದವಡೆಯನ್ನು ಮುಂದೆ ಸರಿಸುತ್ತಾರೆ. ಮೊದಮೊದಲು ಜೊಲ್ಲು ಸುರಿಯಬಹುದು, ಬೆಳಿಗ್ಗೆ ದವಡೆಯ ಕೀಲು ನೋಯಬಹುದು. ವರ್ಷಗಳು ಕಳೆದಂತೆ ಹಲ್ಲುಗಳ ಕೂಡುವಿಕೆ ತುಸು ಬದಲಾಗುವುದೂ ಉಂಟು. ಸಾಕಷ್ಟು ಗಟ್ಟಿ ಹಲ್ಲಿಲ್ಲದವರಿಗೆ, ವಸಡು ಸಡಿಲವಾದವರಿಗೆ ಇದು ಹೊಂದುವುದಿಲ್ಲ. ಎಲ್ಲಕ್ಕಿಂತ ಮುಖ್ಯ ಎಚ್ಚರಿಕೆ ಒಂದಿದೆ. ಸಾಧನ ಹಾಕಿದ ಮೇಲೆ ಗೊರಕೆಯ ಸದ್ದು ಅಡಗಿದರೂ ಉಸಿರುಕಟ್ಟು ಒಳಗೊಳಗೇ ಉಳಿದಿರಬಹುದು. ಆದ್ದರಿಂದ ಸಾಧನ ಹಾಕಿಕೊಂಡೇ ಮತ್ತೊಮ್ಮೆ ಪರೀಕ್ಷೆ ಮಾಡಿಸಲೇಬೇಕು. ಅಂಗಡಿಯಲ್ಲಿ ಸಿಗುವ, ಬಿಸಿನೀರಲ್ಲಿ ಅದ್ದಿ ಕಚ್ಚಿಕೊಳ್ಳುವ ಸಾಧನವನ್ನು ತಾವೇ ತಂದು ಹಾಕಿಕೊಂಡವರು ಈ ಮೋಸಕ್ಕೆ ಬೀಳುತ್ತಾರೆ. ತೂಕ ಇಳಿಸುವುದು, ಮಗ್ಗುಲಾಗಿ ಮಲಗುವುದು ಇವುಗಳ ಜಾಗವನ್ನೂ ಯಾವ ಸಾಧನವೂ ಕಸಿದುಕೊಳ್ಳುವುದಿಲ್ಲ. ಮಕ್ಕಳ ಗೊರಕೆಗೆ ಹೆಚ್ಚಾಗಿ ಟಾನ್ಸಿಲ್ ಮತ್ತು ಮೂಗಿನ ಹಿಂದಿನ ಗ್ರಂಥಿಗಳೇ ಕಾರಣ. ಅವರನ್ನು ಮೊದಲು ಕಿವಿ-ಮೂಗು-ಗಂಟಲ ವೈದ್ಯರಿಗೆ ತೋರಿಸಬೇಕು.

ಬೆಳಿಗ್ಗೆ ನಗುವ ಮನೆಯಲ್ಲಿ ನಗದೆ ಉಳಿದವರು ಒಬ್ಬರಿರುತ್ತಾರೆ. ಅದು ಪಕ್ಕದಲ್ಲಿ ಮಲಗಿದ ಹೆಂಡತಿ, ಅಥವಾ ಅಮ್ಮನ ಕೋಣೆಯಲ್ಲಿ ಮಲಗುವ ಮಗಳು. ಉಸಿರು ನಿಂತಾಗ ತೋಳು ಅಲುಗಿಸಿ ಎಬ್ಬಿಸಿದವರು, ಮತ್ತೆ ಉಸಿರು ಬರುವವರೆಗೆ ಕತ್ತಲಲ್ಲಿ ಎಣಿಸುತ್ತಾ ಕುಳಿತವರು ಅವರು. ಯಂತ್ರಗಳು 1965ರಲ್ಲಿ ಕಂಡದ್ದನ್ನು ಅಂಥವರು ಎಲ್ಲ ಕಾಲದಲ್ಲೂ ಕಂಡಿದ್ದರು. ಅವರ ಮಾತನ್ನು ದೂರು ಎಂದು ತಳ್ಳಿಹಾಕಿದೆವು, ನಕ್ಕೆವು. ಮುಂದಿನ ಸಲ ನಾವು ವೈದ್ಯರ ಬಳಿ ಹೋಗುವಾಗ, ಅವರು ಹಲ್ಲಿನ ವೈದ್ಯರೇ ಆಗಿರಲಿ, ಅವರನ್ನೂ ಜೊತೆಗೆ ಕರೆದೊಯ್ಯೋಣ. ರಾತ್ರಿ ಏನಾಗುತ್ತದೆ ಎಂದು ಹೇಳಬಲ್ಲವರು ಅವರೇ.